ಬೀಳುವವರ ಕಾವಲಿಗೆ ಹಾಸಿಗೆಯಕ್ಕ

ಬೆಳಗಿನ ಐದೂವರೆ. ಗೋಡೆ ಹತ್ತುವ ಸ್ಪರ್ಧೆಯ ಹಾಲ್‌ನಲ್ಲಿ ಇನ್ನೂ ಒಂದೇ ದೀಪ. ಐವತ್ತು ದಾಟಿದ ಹೆಂಗಸೊಬ್ಬರು ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ, ನೆಲದುದ್ದಕ್ಕೂ ಹಾಸಿದ ದಪ್ಪ ಮ್ಯಾಟುಗಳ ಮೇಲೆ ಹಿಮ್ಮಡಿ ಒತ್ತಿ ಒತ್ತಿ ನಡೆಯುತ್ತಿದ್ದಾರೆ. ಎಲ್ಲರ ಬಾಯಲ್ಲೂ ಇವರು ಹಾಸಿಗೆಯಕ್ಕ.

ಹತ್ತುವವರನ್ನು ಊರೆಲ್ಲ ಕತ್ತೆತ್ತಿ ನೋಡುತ್ತದೆ. ಅವರು ಬೀಳುವ ಜಾಗ ನೋಡುವವರು ಯಾರು ಹೇಳಿ? ಇಲ್ಲಿರುವುದು ನಲವತ್ತೆರಡು ಮ್ಯಾಟು. ಹರಿದದ್ದು ಹೊಲಿಯುವುದು, ಒಳಗಿನ ಫೋಮ್ ಬದಲಿಸುವುದು, ಎರಡರ ನಡುವೆ ಬೆರಳು ತೂರುವಷ್ಟೂ ಸಂದಿಲ್ಲದಂತೆ ಬಿಗಿಯುವುದು, ಇದು ಅಕ್ಕನ ಹದಿನೆಂಟು ವರ್ಷಗಳ ದುಡಿಮೆ.

ಮೊದಲ ಗೋಡೆ ಇದ್ದದ್ದು ಹಳೆಯ ಗೋದಾಮಿನಲ್ಲಿ. ಹತ್ತುವವರು ಏಳೇ ಮಂದಿ, ಅವರಲ್ಲಿ ಇವರ ತಂಗಿಯೂ ಒಬ್ಬಳು. ಹಾಸಿಗೆ ಹೊಲಿದು ಬದುಕುತ್ತಿದ್ದ ಅಕ್ಕ ಮನೆಮನೆಯಿಂದ ಹಳೆಯ ಹಾಸಿಗೆ ಬೇಡಿ ತಂದು ಹಾಸುತ್ತಿದ್ದರು. "ಯಾರಾದ್ರೂ ಬಿದ್ರೆ ಧೂಳು ಸೂರಿಗೆ ಏಳೋದು. ಸೀನಿ ಸೀನಿ ನಗೋರು. ಒಂದು ಫ್ಲಾಸ್ಕ್ ಚಹಾ, ಏಳು ಜನ! ಅಯ್ಯೋ, ಆ ದಿನಗಳೇ ಬೇರೆ ಬಿಡಿ."

ಹೇಳುತ್ತ ಹೇಳುತ್ತ ದನಿ ತಗ್ಗುತ್ತದೆ. ಒಂದು ಸಂಜೆ ಎರಡು ಹಾಸಿಗೆಗಳನ್ನು ಜೋಡಿಸಿ ಹೊಲಿಯಲು ಅಕ್ಕ ಮರೆತರು. ಜಾರಿ ಬಿದ್ದ ತಂಗಿಯ ಪಾದ ಸರಿಯಾಗಿ ಆ ಸಂದಿಗೇ ಇಳಿದು ಕಣಕಾಲು ಮುರಿಯಿತು. ಅವಳು ಮತ್ತೆ ಗೋಡೆ ಮುಟ್ಟಲಿಲ್ಲ. "ಒಂದಿನಾನೂ ನನ್ನ ಬೈಲಿಲ್ಲ ಅವಳು. ಬೈದಿದ್ರೇ ಚೆನ್ನಾಗಿತ್ತು." ಈ ಹಾಲ್ ಕಟ್ಟಿದಾಗ ಮ್ಯಾಟಿನ ಕೆಲಸ ಕೇಳಿಕೊಂಡು ಅಕ್ಕ ತಾವಾಗಿಯೇ ಬಂದರು.

ಇಂದು ಕಿರಿಯರ ಫೈನಲ್. ಮೂರನೇ ಗೋಡೆಯ ಮೂಲೆಯಲ್ಲಿ ಅಕ್ಕನ ಹಿಮ್ಮಡಿ ನೆಲ ತಾಗುವಷ್ಟು ಕುಸಿಯುತ್ತದೆ. ಹೊದಿಕೆ ಹೊಸದು, ಒಳಗಿನ ಫೋಮ್ ಪೂರಾ ಲಡ್ಡು ಹಿಡಿದಿದೆ. ಕೈಗಡಿಯಾರ ನೋಡಿಕೊಳ್ಳುತ್ತ ಮ್ಯಾನೇಜರ್ ಓಡಿ ಬರುತ್ತಾರೆ.

"ಅಕ್ಕಾ, ಇವತ್ತೊಂದಿನ ಹೇಗೋ ಸುಧಾರಿಸಿ. ಎಂಟಕ್ಕೆ ಶುರು ಮಾಡ್ಲೇಬೇಕು."

"ಹಾಗಾದ್ರೆ ಆ ಗೋಡೆ ತುದಿಯಿಂದ ನೀವೇ ಒಂದ್ಸಲ ಬಿದ್ದು ತೋರ್ಸಿ ಸಾರ್."

ಮ್ಯಾನೇಜರ್ ಮತ್ತೆ ಕೈಗಡಿಯಾರ ತೋರಿಸುತ್ತಾರೆ. ಅಕ್ಕ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾರೆ. ಏಳಿಸುವ ಧೈರ್ಯ ಯಾರಿಗಿದೆ? ಕಡೆಗೆ ಅಭ್ಯಾಸದ ಗೋಡೆಯನ್ನು ಮುಚ್ಚಿ, ಅದರ ಕೆಳಗಿನ ಫೋಮ್ ತಂದು ತುಂಬಿ, ದಬ್ಬಳದಲ್ಲಿ ಹೊಲಿದು ಮುಗಿಸುವಾಗ ಒಂಬತ್ತೂಕಾಲು. ಕಾದು ಕೂತ ಜನ ಗೊಣಗುತ್ತಾರೆ.

ಮಧ್ಯಾಹ್ನ ಹುಡುಗಿಯೊಬ್ಬಳು ಮೂರನೇ ಗೋಡೆಯ ಕೊನೆಯ ಹಿಡಿಗೆ ನೆಗೆದು, ಕೈ ಜಾರಿ, ಧೊಪ್ಪನೆ ಅದೇ ಮೂಲೆಗೆ ಬೀಳುತ್ತಾಳೆ. ನೋಡುತ್ತಿದ್ದವರೆಲ್ಲ ಎದ್ದು ನಿಲ್ಲುತ್ತಾರೆ. ಹುಡುಗಿ ಎದ್ದು, ಸೋತ ಸಿಟ್ಟಿಗೆ ಮ್ಯಾಟಿಗೊಂದು ಜಾಡಿಸಿ ಒದ್ದು, ದಡದಡ ಹೊರಗೆ ನಡೆಯುತ್ತಾಳೆ.

ಹಿಂದಿನ ಬೆಂಚಿನಲ್ಲಿ ಅಕ್ಕನಿಗೆ ನಗು ತಡೆಯಲಾಗುತ್ತಿಲ್ಲ.

"ಒದೀಲಿ ಬಿಡಿ. ಒದೆಯೋಕೆ ಕಾಲು ಗಟ್ಟಿಯಾಗಿದೆಯಲ್ಲ, ನನಗಷ್ಟು ಸಾಕು."