ಮೊದಲು ಇಳಿಯುವುದು ಒಲೆ

ಬೆಳಗಿನ ಆರು ಗಂಟೆ. ದಾರ್ ಎಸ್ ಸಲಾಮಿನ ಇಕ್ಕಟ್ಟಾದ ಓಣಿಯೊಂದರಲ್ಲಿ ಶೋಮಾರಿ ತಮ್ಮ ಕೈಗಾಡಿಯ ಹಗ್ಗವನ್ನು ಮೂರನೇ ಸಲ ಬಿಗಿಯುತ್ತಿದ್ದಾರೆ. ತಳದಲ್ಲಿ ಬಿಚ್ಚಿದ ಮಂಚ, ಅದರ ಮೇಲೆ ಹೊಲಿಗೆ ಯಂತ್ರ, ಪಾತ್ರೆಗಳ ಚೀಲ, ಎಲ್ಲಕ್ಕಿಂತ ಮೇಲೆ ಮಡಚಿದ ಹಾಸಿಗೆ. ಇದ್ದಿಲ ಒಲೆಯನ್ನು ಮಾತ್ರ ಅವರು ಒಳಗೆ ತುರುಕಿಲ್ಲ. ಗಾಡಿಯ ಹಿಂದೆ, ಕೈಗೆ ಸಿಗುವ ಹಾಗೆ ನೇತುಹಾಕಿದ್ದಾರೆ. "ಮೊದಲು ಇಳಿಯೋದು ಅದೇ" ಎನ್ನುತ್ತಾರೆ, ನಾನು ಕೇಳದಿದ್ದರೂ.

ಸಾಮಾನಿನ ಒಡತಿ ಸಿಕುಧಾನಿ ಬಾಗಿಲಲ್ಲೇ ನಿಂತಿದ್ದಾರೆ. ಮನೆಯಲ್ಲೇ ಬಟ್ಟೆ ಹೊಲಿದು ಬದುಕುವ ಹೆಂಗಸು. ಅವರ ಬೆನ್ನ ಹಿಂದೆ ಎಂಟು ವರ್ಷದ ಮಗಳು ತುನು. ಮೈಗೂ ಕೂದಲಿಗೂ ಬಣ್ಣವಿಲ್ಲದೆ ಹುಟ್ಟಿದ ಮಗು. ಬಿಸಿಲಿಗೆ ಕಣ್ಣು ಬಿಡಲಾಗದು, ಚರ್ಮ ಸುಡುತ್ತದೆ. ಬಿಸಿಲಾದರೆ ಟೋಪಿ ಹಾಕಿ ತಡೆಯಬಹುದು. ಇಂಥ ಮಕ್ಕಳ ಒಂದು ಹಿಡಿ ಕೂದಲು ಸಿಕ್ಕರೂ ಅದೃಷ್ಟ ಖುಲಾಯಿಸುತ್ತದೆ ಎಂದು ನಂಬುವ, ಅದಕ್ಕಾಗಿ ಏನು ಮಾಡಲೂ ಹೇಸದ ಪಾಪಿಗಳು ಇನ್ನೂ ಅಲ್ಲಲ್ಲಿ ಇದ್ದಾರೆ. ಹಾಗಾಗಿ ತಾಯಿ ಮಗಳ ಹೆಸರನ್ನು ಇಲ್ಲಿ ಬದಲಿಸಿದ್ದೇನೆ, ಓಣಿಗಳ ಹೆಸರನ್ನು ಬರೆದೇ ಇಲ್ಲ.

"ಅಣ್ಣ, ಇವಳನ್ನ ಹಾಸಿಗೆ ಕೆಳಗೆ ಕೂರಿಸೋಣ. ಮೇಲೊಂದು ಚಾಪೆ ಹೊದಿಸಿದ್ರೆ ಯಾರಿಗೂ ಕಾಣಲ್ಲ" ಎನ್ನುತ್ತಾರೆ ಸಿಕುಧಾನಿ.

"ಮೂರು ಸಲ ಹಾಗೇ ಮುಚ್ಚಿ ತಂದಿದ್ದೆ, ತುನು ಅವ್ವ. ಇವತ್ತು ಮೇಲೆ ಕೂರ್ತಾಳೆ."

"ಏನಾದ್ರೂ ಆದ್ರೆ?"

"ಆಗಬಾರದು ಅಂತಾನೇ ಮೇಲೆ ಕೂರಿಸ್ತಿರೋದು."

"ನಿಮಗೇನು, ಸಾಮಾನು ಇಳಿಸಿ ನಿಮ್ಮ ಪಾಡಿಗೆ ಹೋಗ್ತೀರಿ. ಬಾಗಿಲು ಕಿರ್ ಅಂದ್ರೆ ಎದ್ದು ಕೂರೋಳು ನಾನು."

ಶೋಮಾರಿ ಬಿಗಿದ ಹಗ್ಗವನ್ನೇ ಮತ್ತೆ ಬಿಗಿಯುತ್ತಾರೆ.

ಇವರಿಗೆ ಈಗ ಐವತ್ತೆಂಟು. ರುಫಿಜಿ ನದಿಯ ದಡದವರು. ನೆರೆ ಬಂದು ಮನೆ ಕೊಚ್ಚಿಹೋದ ಮೇಲೆ ಊರು ಬಿಟ್ಟರು, ಮೀನು ಇಳಿಸುವ ದಡದಲ್ಲಿ ಪೆಟ್ಟಿಗೆ ಹೊತ್ತರು, ಆಮೇಲೆ ಈ ಗಾಡಿ ಹಿಡಿದರು. ಗಾಡಿ ಹಿಡಿದು ಹತ್ತೊಂಬತ್ತು ವರ್ಷ. ತಿಂಗಳ ಕೊನೆಯ ವಾರದಲ್ಲಿ ದಿನಕ್ಕೆ ಎರಡು ಮನೆ ಸಾಗಿಸುತ್ತಾರೆ, ಉಳಿದ ದಿನ ಒಂದು ಸಿಕ್ಕರೆ ಪುಣ್ಯ. ಒಂದು ಸಲಕ್ಕೆ ನಾಲ್ಕೈದು ಕ್ವಿಂಟಲ್ ಭಾರ, ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಎಡ ಭುಜ ಬಲಕ್ಕಿಂತ ಎರಡು ಬೆರಳು ಕೆಳಗಿದೆ. ಈ ಹತ್ತೊಂಬತ್ತು ವರ್ಷದಲ್ಲಿ ಒಡೆದದ್ದು ಒಂದೇ ಕನ್ನಡಿಯಂತೆ, ಅದೂ ಮೊದಲೇ ಬಿರುಕು ಬಿಟ್ಟಿತ್ತಂತೆ. ಈ ಮಾತನ್ನು ನನಗೆ ಮೂರು ಬಾರಿ ಹೇಳಿದ್ದಾರೆ.

ಸಾಮಾನು ಸಾಗಿಸುವವರು ಈ ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಶೋಮಾರಿಯವರ ರೀತಿಯೇ ಬೇರೆ. ಹೊಸ ಮನೆ ತಲುಪಿದೊಡನೆ ಅವರು ಮೊದಲು ಅಲ್ಲಿನ ಹಿರಿಯರನ್ನು, ಅಂದರೆ ಹತ್ತು ಮನೆಗಳ ಉಸ್ತುವಾರಿಗೆಂದು ನೇಮಕವಾದವರನ್ನು, ಕರೆಸಿ, ಬಂದವರು ಯಾರೆಂದು ತಿಳಿಸುತ್ತಾರೆ. ಆಮೇಲೆ ಒಲೆ ಇಳಿಸುತ್ತಾರೆ. ಬಂದವರು ಆ ಒಲೆ ಹಿಡಿದುಕೊಂಡು ಪಕ್ಕದವರ ಬಾಗಿಲಿಗೆ ಹೋಗಿ ಕೆಂಡ ಕೇಳಿ ತರಬೇಕು. ತರುವವರೆಗೆ ಗಾಡಿಯಿಂದ ಒಂದು ಚಮಚವೂ ಇಳಿಯುವುದಿಲ್ಲ.

"ಬೆಂಕಿಪೆಟ್ಟಿಗೆ ಯಾರ ಹತ್ರ ಇಲ್ಲ ಹೇಳಿ? ಆದ್ರೆ ಕೆಂಡ ಕೇಳೋಕೆ ಹೋದ್ರೆ ಹೆಸರು ಹೇಳಬೇಕು. ಎಲ್ಲಿಂದ ಬಂದ್ರಿ, ಎಷ್ಟು ಮಕ್ಕಳು ಅಂತ ಕೇಳ್ತಾರೆ. ಹಿರಿಯರ ಹತ್ರ ಮಾತ್ರ ಕೇಳೋ ಹಾಗಿಲ್ಲ. ಅವರು ಹೇಗೂ ಕೊಡಲೇಬೇಕು, ಅದು ಲೆಕ್ಕಕ್ಕಿಲ್ಲ."

ಜೊತೆಯ ಗಾಡಿಯವರು ಇವರನ್ನು ಮದುವೆ ದಲ್ಲಾಳಿ ಎಂದು ಆಡಿಕೊಳ್ಳುತ್ತಾರೆ. ಐದು ವರ್ಷದ ಹಿಂದೆ ನನ್ನ ಮನೆ ಸಾಗಿಸಿದವರೂ ಇವರೇ. ನನ್ನದು ಗ್ಯಾಸ್ ಒಲೆ ಎಂದರೂ ಬಿಡಲಿಲ್ಲ; ಹಾಗಾದರೆ ಉಪ್ಪು ಕೇಳಿ ಎಂದು ಪಕ್ಕದ ಮನೆಗೆ ಅಟ್ಟಿದರು. ಉಪ್ಪು ಕೊಟ್ಟ ಆ ಹೆಂಗಸೇ ಈಗ ನನ್ನ ಮನೆಯ ಇನ್ನೊಂದು ಬೀಗದಕೈ ಇಟ್ಟುಕೊಂಡಿದ್ದಾರೆ.

ತುನು ವಿಷಯದಲ್ಲಿ ಮಾತ್ರ ಶೋಮಾರಿ ತಮ್ಮ ಪದ್ಧತಿ ತಾವೇ ಮುರಿದರು. ಮೂರು ಸಲವೂ ತಾಯಿಯ ಕಣ್ಣೀರಿಗೆ ಕರಗಿ, ಜನ ಏಳುವ ಮೊದಲೇ ಹುಡುಗಿಯನ್ನು ಚಾಪೆಯಡಿ ಮುಚ್ಚಿ ತಂದು ಇಳಿಸಿದರು. ಹಿರಿಯರನ್ನು ಕರೆಸಲಿಲ್ಲ, ಕೆಂಡ ಕೇಳಿಸಲಿಲ್ಲ. ಈಗ ಬಿಡುತ್ತಿರುವ ಓಣಿಯಲ್ಲಿ ತಾಯಿ ಮಗಳು ಐದು ತಿಂಗಳಿದ್ದರೂ ಅವರು ಯಾರೆಂದು ಪಕ್ಕದ ಕೋಣೆಯವರಿಗೂ ತಿಳಿಯದು. ಹೋದ ತಿಂಗಳು ಒಬ್ಬ ಗಂಡಸು ನಲ್ಲಿಯ ಹತ್ತಿರ ಬಂದು, ಆ ಹುಡುಗಿಯ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಕೇಳಿದ. ನೆಂಟನಿರಬೇಕೆಂದು ಹೆಂಗಸರು ಹೇಳಿಯೇಬಿಟ್ಟರು. ಅವತ್ತು ತುನು ಜ್ವರ ಬಂದು ಮನೆಯಲ್ಲೇ ಮಲಗಿದ್ದಳು. ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಲು ನನಗೆ ಧೈರ್ಯವಿಲ್ಲ.

"ಆ ಹೆಂಗಸರದ್ದು ಏನು ತಪ್ಪು?" ಎನ್ನುತ್ತಾರೆ ಶೋಮಾರಿ. "ನೆಂಟ ಯಾರು, ಕಳ್ಳ ಯಾರು ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದ ಹಾಗೆ ತಂದಿಟ್ಟೋನು ನಾನು. ಅದನ್ನ ನೆನೆಸಿಕೊಂಡ್ರೆ ಅನ್ನ ಇಳಿಯಲ್ಲ."

ಗಾಡಿ ಹೊರಡುತ್ತದೆ. ಮುಂದೆ ಶೋಮಾರಿ ಎಳೆಯುತ್ತಾರೆ, ಹಿಂದಿನಿಂದ ಸಿಕುಧಾನಿಯೂ ನಾನೂ ತಳ್ಳುತ್ತೇವೆ. ತುನು ಉದ್ದ ತೋಳಿನ ಅಂಗಿ, ಅಗಲ ಟೋಪಿ ತೊಟ್ಟು ಹಾಸಿಗೆಯ ಮೇಲೆ ಕುಳಿತಿದ್ದಾಳೆ. ಸಂತೆಯ ಹತ್ತಿರ ಜನ ಕತ್ತೆತ್ತಿ ನೋಡುತ್ತಾರೆ. ಯಾರೋ ಏನೋ ಅಂದು ನಗುತ್ತಾರೆ. ಸೇತುವೆ ದಾಟಿದ ಮೇಲೆ ಒಂದು ಬೈಕು ನಮ್ಮ ಹಿಂದೆಯೇ ನಿಧಾನವಾಗಿ ಬರತೊಡಗುತ್ತದೆ. ನಾವು ನಿಂತರೆ ಅದೂ ನಿಲ್ಲುತ್ತದೆ. ನಾನು ಮೊದಲೇ ಪುಕ್ಕಲು, ತಳ್ಳುವುದು ಬಿಟ್ಟು ಹಿಂದೆಯೇ ನೋಡುತ್ತೇನೆ. ಸಿಕುಧಾನಿಯ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಿದೆ.

ಶೋಮಾರಿ ಗಾಡಿಯನ್ನು ನಡುರಸ್ತೆಯಲ್ಲೇ ನಿಲ್ಲಿಸಿ ಹಿಂದಕ್ಕೆ ನಡೆದು ಬರುತ್ತಾರೆ. "ಏನಪ್ಪಾ, ಯಾರು ನೀನು? ಏನು ಬೇಕು?" ಎಂದು ನಾಲ್ಕು ಜನಕ್ಕೆ ಕೇಳುವಂತೆ ವಿಚಾರಿಸುತ್ತಾರೆ.

"ದಾರಿ ಬೇಕಜ್ಜ" ಎನ್ನುತ್ತಾನೆ ಅವನು. "ನಿನ್ನ ಮಂಚದ ಕಾಲು ಅರ್ಧ ರಸ್ತೆಗೆ ಚಾಚಿದೆ. ನಾನೇನು ಹಾರಿ ಹೋಗಲಾ?"

ಶೋಮಾರಿ ಗಾಡಿಯನ್ನು ಬದಿಗೆ ಎಳೆದು ಅವನಿಗೆ ದಾರಿ ಬಿಡುತ್ತಾರೆ.

ಹೊಸ ಮನೆಯಲ್ಲಿ ಉದ್ದ ಪಡಸಾಲೆಯ ಎರಡೂ ಬದಿಗೆ ಕೋಣೆಗಳಿವೆ, ಕೋಣೆಗೊಂದು ಸಂಸಾರ. ಹತ್ತು ಮನೆಗಳ ಹಿರಿಯಜ್ಜಿ ಮ್ವಂತುಮು ಹೊರಗೆ ಕೂತು ಮಂದಾಜಿ ಎಂಬ ಸಿಹಿ ಹಿಟ್ಟಿನ ತಿಂಡಿ ಕರಿಯುತ್ತಿದ್ದಾರೆ. ತುನು ಗಾಡಿಯಿಂದ ಇಳಿದು, ಕಲಿಸಿದ ಹಾಗೆ ತಲೆ ಬಗ್ಗಿಸಿ "ಶಿಕಮೂ, ಅಜ್ಜಿ" ಎಂದು ನಮಸ್ಕರಿಸುತ್ತಾಳೆ.

ಅಜ್ಜಿ ಸೌಟು ಕೆಳಗಿಟ್ಟು ಅವಳನ್ನು ನೋಡುತ್ತಾರೆ. "ಮರಹಬಾ" ಎಂದು ನಮಸ್ಕಾರ ಒಪ್ಪಿಕೊಂಡು, ಸಿಕುಧಾನಿಯ ಕಡೆ ತಿರುಗುತ್ತಾರೆ. "ಕೋಣೆ ನೋಡೋಕೆ ಬಂದಾಗ ಮಗು ಇದೆ ಅಂದೆ. ಇಂಥ ಮಗು ಅಂತ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಬೇಡ ಅಂತೀರೇನೋ ಅಂತ ಭಯ ಆಯ್ತು, ಅಜ್ಜಿ."

"ಹೇಳಿದ್ರೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿರ್ತಿದ್ದೆ. ಈಗ ಬಡಗಿಗೆ ಹೇಳಿಕಳಿಸಬೇಕು."

ಇನ್ನು ಕೆಂಡ. ತುನು ಒಲೆ ಹಿಡಿದು ಎದುರು ಕೋಣೆಯ ಮುಂದೆ ನಿಂತು, ಒಳಗೆ ಬರಬಹುದೇ ಎಂದು ಕೇಳುವ ಇಲ್ಲಿನ ರೀತಿಯಲ್ಲಿ, "ಹೋಡಿ" ಎನ್ನುತ್ತಾಳೆ. ಬಾಗಿಲು ತೆರೆಯುತ್ತದೆ. ಬಸುರಿ ಹೆಂಗಸೊಬ್ಬಳು ಹುಡುಗಿಯನ್ನು ಕಂಡವಳೇ, ತನ್ನ ಮಗುವೂ ಹಾಗೇ ಹುಟ್ಟೀತೆಂಬಂತೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲು ಹಾಕಿಕೊಳ್ಳುತ್ತಾಳೆ.

"ನೋಡಿದ್ರಾ ಅಣ್ಣ? ಗಾಡಿ ತಿರುಗಿಸಿ" ಎನ್ನುತ್ತಾರೆ ಸಿಕುಧಾನಿ. ಶೋಮಾರಿಯ ಮುಖ ನೋಡಿ ನನಗೆ ಗಾಬರಿಯಾಗುತ್ತದೆ, ಅವರೂ ಹೆದರಿದ್ದಾರೆ.

ತುನು ಮಾತ್ರ ಪಕ್ಕದ ಬಾಗಿಲಿಗೆ ಹೋಗಿಯಾಗಿದೆ. "ಹೋಡಿ." ಉತ್ತರವಿಲ್ಲ. "ಹೋಡಿ." ಅರ್ಧ ತಲೆಗೆ ಮಾತ್ರ ಜಡೆ ಹೆಣೆದುಕೊಂಡ ದಪ್ಪ ಹೆಂಗಸೊಬ್ಬರು ಇಕ್ಕಳ ಹಿಡಿದೇ ಹೊರಬರುತ್ತಾರೆ. ಹುಡುಗಿಯನ್ನು ನೋಡುತ್ತಾರೆ, ಒಲೆಯನ್ನು ನೋಡುತ್ತಾರೆ.

"ಕೆಳಗಿಡು, ಕೈ ಸುಟ್ಕೋತೀಯ. ಹೆಸರೇನು?"

"ತುನು."

ಮೂರು ಕೆಂಡ ಹಾಕುತ್ತಾ ಅವರು ತಲೆಯೆತ್ತಿ ತಾಯಿಯನ್ನು ಕೇಳುತ್ತಾರೆ: "ಇವಳ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತೆ?"

ಸಿಕುಧಾನಿ ಮಗಳ ತೋಳು ಹಿಡಿದು ಹತ್ತಿರ ಎಳೆದುಕೊಳ್ಳುತ್ತಾರೆ. ಅದೇ ಪ್ರಶ್ನೆ. ಶೋಮಾರಿ ನೆಲ ನೋಡುತ್ತಿದ್ದಾರೆ.

"ಮಸೀದಿ ಹಿಂದಿನ ಶಾಲೆ ತಾನೇ? ನನ್ನ ಇಬ್ಬರು ಹೆಣ್ಣುಮಕ್ಕಳೂ ಅಲ್ಲೇ ಹೋಗೋದು, ಒಂದೊಂದು ತರಗತಿ ಒಂದೊಂದು ಹೊತ್ತಿಗೆ ಬಿಡುತ್ತೆ. ಇವಳು ಒಬ್ಬಳೇ ಬರೋದು ಬೇಡ ಅಂತ ಕೇಳ್ದೆ."

ಸಿಕುಧಾನಿ ಮಗಳ ತೋಳು ಬಿಡುತ್ತಾರೆ. "ಹನ್ನೆರಡೂವರೆಗೆ, ಅಕ್ಕ."

ಆಮೇಲಷ್ಟೇ ಮಂಚ ಇಳಿಯುತ್ತದೆ, ಹೊಲಿಗೆ ಯಂತ್ರ ಇಳಿಯುತ್ತದೆ. ಎದುರು ಕೋಣೆಯ ಬಾಗಿಲು ಇನ್ನೂ ಹಾಕಿಯೇ ಇದೆ. ಸಾಮಾನು ಹೊರುವಾಗ ಪ್ರತಿ ಸಲವೂ ಶೋಮಾರಿಯ ಕಣ್ಣು ಆ ಕಡೆ ಹೋಗುತ್ತದೆ. ಎಲ್ಲಾ ಚೆನ್ನಾಗಿರುತ್ತೆ ಅಂತ ತಾವು ಹೇಳಲಾರರಂತೆ. ಇಷ್ಟು ಜನಕ್ಕೆ ಅವಳ ಹೆಸರು ಗೊತ್ತಾಯಿತಲ್ಲ, ಅಷ್ಟು ಮಾತ್ರ ಹೇಳಬಲ್ಲರಂತೆ.

ಹೊರಡುವಾಗ ಸಿಕುಧಾನಿ ಫೋನ್ ತೋರಿಸುತ್ತಾರೆ. "ನಿಮ್ಮ ನಂಬರ್ ಇದೆ ಅಣ್ಣ, ಏನಾದ್ರೂ ಆದ್ರೆ..."

"ಅಳಿಸಿಬಿಡು. ನಾನು ತಂದಿಳಿಸಿದವರು ಮತ್ತೆ ನನ್ನ ಕರೀಬಾರದು. ನನ್ನ ಆಸೆ ಅಷ್ಟೇ."

"ಅಳಿಸಲ್ಲ" ಎನ್ನುತ್ತಾಳೆ ತುನು, ಒಲೆಗೆ ಗಾಳಿ ಹಾಕುತ್ತಾ.

ಶೋಮಾರಿ ಖಾಲಿ ಗಾಡಿಯ ಮೂಕಿ ಎತ್ತಿ ತಮ್ಮ ತಗ್ಗಿದ ಭುಜಕ್ಕೆ ಕೊಟ್ಟುಕೊಳ್ಳುತ್ತಾರೆ.

"ಹಾಗಾದ್ರೆ ಊಟಕ್ಕೆ ಕರಿ. ಗಾಡಿ ಮನೇಲೇ ಬಿಟ್ಟು ಬರ್ತೀನಿ."