ಮರಳು ದಿಬ್ಬದಲ್ಲಿ ಹೂತ ಗಾಡಿ

ಕ್ರೇಗಿಬರ್ನ್‌ನಲ್ಲಿರುವ ನನ್ನ ಮಂಗಳೂರು ಗೆಳೆಯ ಆಸೆಪಟ್ಟು ಒಂದು ಫೋರ್ ವೀಲ್ ಡ್ರೈವ್ ಕೊಂಡಿದ್ದ. ಬೆಟ್ಟ ಹತ್ತಬಲ್ಲ ಆ ಗಾಡಿ ಎರಡು ವರ್ಷದಲ್ಲಿ ಹತ್ತಿದ್ದು ಶಾಪಿಂಗ್ ಸೆಂಟರಿನ ಪಾರ್ಕಿಂಗ್ ಮಹಡಿಯನ್ನು ಮಾತ್ರ. ಭಾನುವಾರ ಚರ್ಚಿಗೆ, ಉಳಿದಂತೆ ಮೀನು ತರುವುದಕ್ಕೆ. ಮಾರಿಬಿಡಿ ಎಂದು ಅವನ ಹೆಂಡತಿ ಹಟ ಹಿಡಿದಿದ್ದರು. ಕೊನೆಗೆ ರಾಜಿಯಾಯಿತು: ಸಿಂಪ್ಸನ್ ಮರುಭೂಮಿ ದಾಟಿಸಿದರೆ ಗಾಡಿ ಉಳಿಯುತ್ತದೆ, ನಡುವೆ ಬೇರೆಯವರು ಬಂದು ಎಳೆಯಬೇಕಾದರೆ ಮಾರಾಟ. ಸಾಕ್ಷಿಗೆಂದು ನಾನು ನಾರ್ತ್ ಸಿಡ್ನಿಯ ಆಫೀಸಿಗೆ ರಜೆ ಹಾಕಿ ಬಂದೆ.

ಹೊರಡುವ ಬೆಳಿಗ್ಗೆ ಅವನು ನಾಲ್ಕೂ ಟೈರಿಗೆ ಭರ್ತಿ ಗಾಳಿ ತುಂಬಿದ, ಮೇಲಿಂದ ಇನ್ನಷ್ಟು. "ದೂರದ ದಾರಿ ಅಲ್ವಾ ಮಾರಾಯ." ಧರ್ಮಸ್ಥಳಕ್ಕೆ ಹೊರಟರೂ ನಮ್ಮ ಕಡೆ ಮೊದಲು ಮಾಡುವ ಕೆಲಸ ಅದೇ ಆದ್ದರಿಂದ ನಾನೂ ತಲೆಯಾಡಿಸಿದೆ.

ಅವನ ಹೆಂಡತಿಯೂ ಹಿಂದಿನ ಸೀಟಿನಲ್ಲಿ ಕೂತರು. ಮರಳು ತಲುಪಿದೆವು. ದಿಬ್ಬದ ಆಚೆಯವರಿಗೆ ಕಾಣಲೆಂದು ಉದ್ದ ಕೋಲಿಗೆ ಕಟ್ಟಿದ ಬಾವುಟ ಹಾರಿಸಿಕೊಂಡು, ಎಲೆಕ್ಷನ್ ಪ್ರಚಾರಕ್ಕೆ ಹೊರಟವರ ಹಾಗೆ ಮೊದಲ ದಿಬ್ಬಕ್ಕೆ ನುಗ್ಗಿದೆವು. ಅರ್ಧಕ್ಕೇ ಚಕ್ರ ಹೂತುಹೋಯಿತು. ಅವನು ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಇಳಿಯಿತು. ಗಾಡಿ ಮಾಡಿದ ಜಪಾನನ್ನು ಬೈದ, ಮರಳನ್ನು ಬೈದ, ಆಮೇಲೆ ನನ್ನ ಹೊಟ್ಟೆಯನ್ನು ನೋಡಿ, ಭಾರ ಇಳಿಯಲೆಂದು ನನ್ನನ್ನು ಕೆಳಗಿಳಿಸಿದ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಮುದುಕ ತನ್ನ ಜೀಪಿನಲ್ಲಿ ಬಂದು, ಹಗ್ಗ ತೋರಿಸಿ, ಎಳೆಯಲೇ ಎಂದು ಕೇಳಿದ. ಗೆಳೆಯನ ಮುಖ ಸಪ್ಪಗಾಯಿತು. ಮಲಗುವ ಮುಂಚೆ ಆ ಗಾಡಿಗೆ ಒಂದು ಸುತ್ತು ಬಂದು ಮುಟ್ಟಿ ನೋಡುವ ಮನುಷ್ಯ ಅವನು. ನನಗೆ ನಿಜಕ್ಕೂ ಸಂಕಟವಾಯಿತು.

ಅವನ ಹೆಂಡತಿ ಒಂದು ಹೂಂ ಅಂದಿದ್ದರೆ ಸಾಕಿತ್ತು, ಗೆದ್ದುಬಿಡುತ್ತಿದ್ದರು. ಅವರು ಗಂಡನ ಮುಖ ನೋಡಿದರು, ಆಮೇಲೆ ಮುದುಕನ ಜೀಪು ನೋಡಿದರು.

"ಬೇಡ, ಥ್ಯಾಂಕ್ಸ್," ಎಂದು ಮುದುಕನಿಗೆ ಹೇಳಿ ಗಂಡನತ್ತ ತಿರುಗಿದರು. "ಅವ್ರ ಟೈರ್ ನೋಡಿ, ಗಾಳಿಯೇ ಇಲ್ಲ."

"ಪಂಕ್ಚರ್ ಆಗಿರ್ಬೇಕು."

"ನಾಲ್ಕೂವಾ?"

ಅವರೇ ಕೂತು ನಮ್ಮ ಟೈರುಗಳ ಗಾಳಿ ಇಳಿಸಿದರು; ಮೆತ್ತಗಾದ ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ನಿಂತಿತು. ನಾವಿಬ್ಬರು ಇಂಜಿನಿಯರುಗಳು ಕೈಯಲ್ಲಿ ಮರಳು ತೋಡಿದೆವು. "ನೀವು ಸುಸ್ತಾಗಿದ್ದೀರಿ, ಪಕ್ಕಕ್ಕೆ ಸರಿಯಿರಿ" ಎಂದು ಸ್ಟಿಯರಿಂಗ್ ಹಿಡಿದವರು ಒಂದೇ ಏಟಿಗೆ ದಿಬ್ಬ ಹತ್ತಿಸಿ, ಮೇಲೆ ನಿಂತು ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದರು. ಮರುಭೂಮಿ ಮುಗಿಯುವವರೆಗೂ ಆ ಸೀಟು ಬಿಡಲಿಲ್ಲ.

ಗಾಡಿ ಮಾರಲಿಲ್ಲ. ಅದರಲ್ಲಿ ಈಗ ಅವರು ಕೆಲಸಕ್ಕೆ ಹೋಗುತ್ತಾರೆ, ಅವನು ಟ್ರೇನಿನಲ್ಲಿ ಹೋಗುತ್ತಾನೆ. ಮೀನು ತರಬೇಕಾದರೆ ಕೀಲಿ ಕೇಳುತ್ತಾನೆ.