ನೀರನ್ನು ಉಸಿರಾಡುವ ಇಂಜಿನ್

ಕೆಲವರಿಗೆ ಹಳೆಯ ಸಿನಿಮಾ ನಟರ ಮೇಲೆ ಇರುವಂಥ ವ್ಯಾಮೋಹ ನನಗೆ ಹೈಡ್ರೋಜನ್ ಮೇಲೆ. ಸಿಲ್ಲಿ ಎನ್ನಿಸಬಹುದು, ಆದರೆ ನಿಮ್ಮೆದುರು ಮುಚ್ಚಿಡುವುದೇನು? ಕಾನ್ವೆಂಟಿನ ಲ್ಯಾಬಿನಲ್ಲಿ ನಮ್ಮ ಕೆಮಿಸ್ಟ್ರಿ ಸಿಸ್ಟರ್ ಸತುವಿನ ಚೂರುಗಳ ಮೇಲೆ ಆಸಿಡ್ ಸುರಿದು, ಗುಳುಗುಳು ಎದ್ದ ಗಾಳಿಗೆ ಕಡ್ಡಿ ಗೀರಿ ತಾಗಿಸಿದ್ದರು. ಕಂಡೂ ಕಾಣದಂಥ ಜ್ವಾಲೆ. ಅದರ ಮೇಲೆ ತಣ್ಣನೆಯ ಗಾಜು ಹಿಡಿದರೆ ಗಾಜಿನ ತುಂಬ ಹನಿ! "ಗರ್ಲ್ಸ್, ಬೆಂಕಿ ನೀರನ್ನು ಹೆತ್ತಿದೆ" ಎಂದರು. ಸಿಸ್ಟರ್ ಬಾಯಲ್ಲಿ ಹೆರುವ ಮಾತು ಕೇಳಿ ನಾವೆಲ್ಲ ಕಿಸಕ್ಕನೆ ನಕ್ಕೆವು. ಆ ಹನಿ ಮಾತ್ರ ನನ್ನೊಳಗೆ ಇನ್ನೂ ಆರಿಲ್ಲ.

ಈ ಗಾಳಿಯ ಜಾತಕವೇ ವಿಚಿತ್ರ. ಎರಡೂವರೆ ಶತಮಾನದ ಹಿಂದೆ ಇಂಗ್ಲೆಂಡಿನ ಒಬ್ಬ ನಾಚಿಕೆಯ ಶ್ರೀಮಂತ ಇದನ್ನು ಹಿಡಿದು 'ಉರಿಯುವ ಗಾಳಿ' ಎಂದ. ಫ್ರಾನ್ಸಿನವರು 'ನೀರು ಹುಟ್ಟಿಸುವುದು' ಎಂದು ನಾಮಕರಣ ಮಾಡಿದರು. ನಮ್ಮ ಹಳೆಯ ಪಠ್ಯದ ಜಲಜನಕ ಅದೇ. ಇದರಿಂದ ಕರೆಂಟು ಹುಟ್ಟಿಸಬಹುದೆಂದು ಒಬ್ಬ ವಕೀಲ ತೋರಿಸಿಕೊಟ್ಟೇ ನೂರೆಂಬತ್ತು ವರ್ಷ ದಾಟಿತು. ಆಮೇಲೆ ಇದನ್ನೇ ತುಂಬಿಕೊಂಡು ತೇಲುತ್ತಿದ್ದ ಆಕಾಶದ ಹಡಗೊಂದು ಎಲ್ಲರ ಕಣ್ಣೆದುರು ಉರಿದುಬಿದ್ದು, ಇದರ ಹೆಸರೂ ಜೊತೆಗೇ ಸುಟ್ಟುಹೋಯಿತು. ಚಂದ್ರನಿಗೆ ಹೋದವರಿಗೆ ಮಾತ್ರ ಇದೇ ದೀಪ ಹಚ್ಚಿತು, ಕುಡಿಯಲು ನೀರನ್ನೂ ಕೊಟ್ಟಿತು. ಚಂದ್ರನವರೆಗೆ ಹೋಗಿ ಬಂದದ್ದು ನಮ್ಮೂರು ಮರವಂತೆಗೆ ಇನ್ನೂ ಬಂದಿಲ್ಲ. ಬಂದರೂ ಸಾಲದು. ಈಗ ಇದನ್ನು ಹೆಚ್ಚಾಗಿ ತೆಗೆಯುವುದು ನೆಲದಡಿಯ ಗ್ಯಾಸು, ಕಲ್ಲಿದ್ದಲಿನಿಂದ. ಹೊಗೆ ನಮ್ಮೂರಲ್ಲಿ ತಪ್ಪಿದರೆ ಇನ್ನೊಬ್ಬರ ಊರಲ್ಲಿ. ಕ್ಲೀನ್ ಎನ್ನಿಸಿಕೊಳ್ಳಬೇಕಾದರೆ ಬಿಸಿಲಿನ ಕರೆಂಟಿನಿಂದ ನೀರನ್ನೇ ಒಡೆದು ತೆಗೆಯಬೇಕು.

ಇದನ್ನೆಲ್ಲ ನಾನು ಪಕ್ಕದ ಮನೆಯ ಶೀನಣ್ಣನಿಗೆ ಹೇಳಿದ್ದೆ. ಹೇಳಲು ಕಾರಣವಿತ್ತು. ದೋಣಿಯ ಸೀಮೆಎಣ್ಣೆ ಇಂಜಿನ್ನಿನ ಹೊಗೆ ಕುಡಿದು ಕುಡಿದು ಅವನ ಎದೆ ಗೊರಗೊರ ಎನ್ನುತ್ತಿತ್ತು. ಇನ್ನೊಂದು ಸೀಸನ್ ಆ ಹೊಗೆಯಲ್ಲಿ ಕೂತರೆ ಎದ್ದು ಬರುವುದು ಕಷ್ಟ ಎಂದು ಕುಂದಾಪುರದ ಡಾಕ್ಟರು ಹೇಳಿಯಾಗಿತ್ತು. ಮೀನು ಹೊತ್ತು ತಂದು ಕೊಡುವ ಅವನ ಹೆಂಡತಿ ಗುಲಾಬಿ, ಬಂಗುಡೆಗಿಂತ ಮೊದಲು ಈ ಚಿಂತೆಯನ್ನೇ ನನ್ನ ಜಗಲಿಯಲ್ಲಿ ಇಳಿಸುತ್ತಿದ್ದಳು. ಅವನೋ, ಕಡಲಿಗೆ ಹೋಗುತ್ತೇನೆ ಎನ್ನುವುದಿಲ್ಲ, ಬಿಡುತ್ತೇನೆ ಎನ್ನುವುದೂ ಇಲ್ಲ. ಹೈಡ್ರೋಜನ್ನಿನಿಂದ, ಹೊಗೆಯೇ ಇಲ್ಲದ ದೋಣಿ ಎಲ್ಲೋ ಓಡುತ್ತಿದೆಯಂತೆ ಎಂದು ಪೇಪರಿನಲ್ಲಿ ಓದಿ ನಾನು ಹೇಳಿದಾಗ ಅವನ ಕಣ್ಣು ಹೊಳೆಯಿತು, ಪುವರ್ ಥಿಂಗ್.

ಎದುರಿಗೆ ಕಡಲು, ಬೆನ್ನಿಗೆ ಹೊಳೆ ಇಟ್ಟುಕೊಂಡು ಬದುಕುವವರು ನಾವು. ನೀರು ಬೇಕೆಂದರೆ ಯಾವ ನೀರು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಶೀನಣ್ಣ ಒಡೆಯಲೆಂದು ಒಂದು ಬಕೆಟ್ ಸಮುದ್ರವನ್ನೇ ಹೊತ್ತು ತಂದ. ಬಲೆ ಇಡುವ ಶೆಡ್ಡಿನ ಬಾಗಿಲು ಹಾಕಿಕೊಂಡು, ಹಳೆಯ ಬ್ಯಾಟರಿಯ ಎರಡು ವಯರು ಅದರಲ್ಲಿ ಅದ್ದಿ, ಗುಳ್ಳೆ ಏಳುವುದನ್ನು ನೋಡುತ್ತ ಕೂತ.

ವಾಸನೆ ನನ್ನ ಗೇಟಿನವರೆಗೂ ಬಂತು. ಅದು ಕ್ಲೋರಿನ್. ಉಪ್ಪುನೀರನ್ನು ಹಾಗೆಯೇ ಒಡೆದರೆ ಹೈಡ್ರೋಜನ್ನಿನ ಜೊತೆಗೆ ಏಳುವ ವಿಷ. ನಾನು ಓಡಿದೆ, ಈ ಮಂಡಿಯ ಓಟವನ್ನು ಓಟವೆನ್ನಬಹುದಾದರೆ. ಅಷ್ಟರಲ್ಲಿ ಗುಲಾಬಿ ಅವನನ್ನು ಅಂಗಳಕ್ಕೆ ಎಳೆದು ಹಾಕಿದ್ದಳು. ಅವನಿಗೆ ಕೆಮ್ಮು ನಿಲ್ಲದು; ಇವಳು ಬೆನ್ನು ತಿಕ್ಕುವುದು, ಬೈಯುವುದು ಎರಡನ್ನೂ ನಿಲ್ಲಿಸಳು.

"ಹೊಗೆ ಸಾಕಾಯ್ಲಿಲ್ಯಾ ನಿಮ್ಗೆ? ವಿಷ ಬೇರೆ ಕುಡಿಕಾ? ಅಮ್ಮ ಇಂಗ್ಲಿಷಂಗೆ ಹೇಳ್ರ್ ಅಂದ್ಹೇಳಿ ಕಡ್ಲನ್ನೇ ಒಡುಕೆ ಹೊರಟ್ರ್ ಕಾಣಿ!"

ಆ ಮಾತಿನಲ್ಲಿ ನನ್ನ ಪಾಲೂ ಇತ್ತು. ಮೂಗಿಗೆ ಸೆರಗು ಒತ್ತಿ ಶೆಡ್ಡಿನ ವಯರು ಕಿತ್ತೆ.

ವಾರ ಕಳೆದ ಮೇಲೆ ಶೀನಣ್ಣ ನನ್ನ ಮೆಟ್ಟಿಲ ಮೇಲೆ ಬಂದು ಕೂತ. ಮಾತಿಗಿಂತ ಉಸಿರೇ ಜೋರಾಗಿ ಕೇಳುತ್ತಿತ್ತು.

"ಹ್ವಾಯ್ ಅಮ್ಮ, ಆ ಇಂಜಿನ್ ನಮ್ ಕಾಲಕ್ಕೆ ಬತ್ತಾ?"

ನನಗೆ ಸುಳ್ಳು ಹೇಳಲಾಗಲಿಲ್ಲ. ನೂರೆಂಬತ್ತು ವರ್ಷದಿಂದ 'ನೆಕ್ಸ್ಟ್ ಇಯರ್ ಬರುತ್ತೇನೆ' ಎನ್ನುತ್ತಿರುವ ಅತಿಥಿ ಅದು.

"ಬರುತ್ತದೆ ಶೀನಣ್ಣ. ನಾವಿಬ್ಬರೂ ಇರುವಾಗ ಬರುತ್ತದೋ, ಗೊತ್ತಿಲ್ಲ."

ಅವನು ಕಡಲು ನೋಡಿದ. "ಬಂದ್ರೆ, ಹೊಗೆ ಬದ್ಲಿಗೆ ಅದ್ ಎಂತ ಬಿಡತ್ತ್?"

ನಾನು ಕನ್ನಡಕ ತೆಗೆದು ಅದರ ಮೇಲೆ ಊದಿ, ಮಂಜು ಹಿಡಿದ ಗಾಜನ್ನು ತೋರಿಸಿದೆ. "ಇಷ್ಟೇ. ಬರೀ ನೀರು."

ಅವನು ಕನ್ನಡಕ ಇಸಿದುಕೊಂಡ. ಎದೆ ಗೊರಗುಟ್ಟಿಸಿಕೊಂಡು ತಾನೂ ಊದಿದ. ಮೊದಲ ಸಲ ಏನೂ ಹಿಡಿಯಲಿಲ್ಲ. ಎರಡನೆಯ ಸಲ ಗಾಜಿನ ಅಂಚಿಗೆ ತೆಳ್ಳಗೆ ಒಂದು ಮಂಜು. ಅದನ್ನು ನೋಡಿ ತನ್ನ ಎದೆ ಮುಟ್ಟಿಕೊಂಡ.

"ಹಂಗಾರೆ ಈ ಇಂಜಿನ್ನೂ ನೀರೇ ಬಿಡುದ್. ಇದೊಂದನ್ನ ಉಳ್ಸ್ಕಂತೆ ಅಮ್ಮ. ದೋಣಿ ಭಾವಂಗೆ ಕೊಡ್ತೆ."

ಹೇಳಿ ಎದ್ದ, ಗುಲಾಬಿಗೆ ಈ ಸುದ್ದಿ ಮೊದಲು ತಲುಪಬೇಕಿತ್ತಲ್ಲ. ನಾನು ಕನ್ನಡಕವನ್ನು ಸೆರಗಿನಿಂದ ಒರೆಸಲಿಲ್ಲ. ತಾನಾಗಿ ಆರುವವರೆಗೂ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಕಾಯುವುದೊಂದನ್ನು ಹೈಡ್ರೋಜನ್ ನನಗೆ ಚೆನ್ನಾಗಿ ಕಲಿಸಿದೆ.